ಅಡ್ಡ ಲೈನಿನಲ್ಲಿ ಮಂಡಕ್ಕಿ

ನಂಬಬೇಡಿ. ನಂಬುವವರಿಗೆ ಹೇಳಿದರೆ ನನಗೆ ಮಜಾ ಬರುವುದಿಲ್ಲ. ಈಗ ಮೊಮ್ಮಕ್ಕಳು ಮೊಬೈಲಿನಲ್ಲಿ ಮುಖ ನೋಡದವರ ಜೊತೆ ಚಹಾಕ್ಕೆ ಸಕ್ಕರೆ ಎಷ್ಟಿರಬೇಕೆಂದು ಜಗಳವಾಡುತ್ತಾರಲ್ಲ, ಅದನ್ನು ನಾನು ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲೇ ದಾವಣಗೆರೆಯ ಒಂದು ಬಟ್ಟೆ ಅಂಗಡಿಯ ಕಪ್ಪು ಫೋನಿನಲ್ಲಿ ಮಾಡಿ ಮುಗಿಸಿದ್ದೆ.

ನಾನಲ್ಲಿ ಗುಮಾಸ್ತ. ಮಾಲೀಕರು ಮಧ್ಯಾಹ್ನ ಊಟಕ್ಕೆ ಹೋದರೆ ಫೋನು ನನ್ನದು. ಒಂದು ವರ್ಷ ಲೈನು ಎಲ್ಲೋ ಕೆಟ್ಟು, ರಿಸೀವರ್ ಎತ್ತಿದರೆ ಬೇರೆಯವರ ಮಾತು ಕೇಳಿಸತೊಡಗಿತು. ಕ್ರಾಸ್ ಕನೆಕ್ಷನ್. ಉಳಿದವರು ಬೈದು ಇಡುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕುತ್ತಿದ್ದೆ. ಹಾಗೆ ಸಿಕ್ಕವರು ಹರಿಹರದ ಒಬ್ಬ ಅಜ್ಜ. ತಿಂಡಿಗೆ ಒಗ್ಗರಣೆ ಹಾಕಲು ಮಂಡಕ್ಕಿ ನೆನೆಸಿ ಹಿಂಡಬೇಕೋ, ಬರೀ ನೀರು ಚಿಮುಕಿಸಬೇಕೋ ಎಂಬುದರ ಮೇಲೆ ನಮ್ಮ ವಾದ ವಾರಗಟ್ಟಲೆ ನಡೆಯಿತು. ನೆನೆಸಬೇಕು ಎನ್ನುವುದು ನನ್ನ ಪಕ್ಷ. "ನೆನೆಸಿದ್ರೆ ಅದು ಮಂಡಕ್ಕಿ ಅಲ್ಲ, ಗಂಜಿ" ಎನ್ನುವುದು ಅವರದು. ಒಮ್ಮೊಮ್ಮೆ ಒಬ್ಬ ಹೆಂಗಸು ನಡುವೆ ಬಂದು, ಇಬ್ಬರೂ ಲೈನ್ ಬಿಡ್ರಿ, ಒಲೆ ಮೇಲೆ ಹಾಲೈತೆ ಎಂದು ಗದರುತ್ತಿದ್ದರು.

ಹೆಸರು ಕೇಳಬಾರದು ಎಂಬುದು ನಮ್ಮ ನಿಯಮ. ನನಗಾಗ ಮೂವತ್ತೆರಡು. ಲೈನಿನ ಮೇಲೆ ಮಾತ್ರ ನಾನು ಕೆಮ್ಮುತ್ತ ಮಾತಾಡುವ ಅರವತ್ತೆಂಟರ ಮುದುಕ. ದನಿ ಬದಲಿಸುವುದರಲ್ಲಿ ನನ್ನ ಸರಿಸಮ ಜಿಲ್ಲೆಯಲ್ಲೇ ಇರಲಿಲ್ಲ.

ಒಂದು ದಿನ ಅಜ್ಜ ಮಂಡಕ್ಕಿ ಮಾತೇ ಎತ್ತಲಿಲ್ಲ. ಕಣ್ಣಿಗೆ ಪೊರೆ ಬಂದಿದೆ, ದಾವಣಗೆರೆ ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರು ಆಪರೇಷನ್ ಎಂದಿದ್ದಾರೆ, ಇರುವಷ್ಟು ದೃಷ್ಟಿಯೂ ಹೋದರೆ ಏನು ಗತಿ ಎಂದರು.

"ಮನೆಯವ್ರು ಮಾಡಿಸ್ಕೋ ಅಂತಾರೆ. ಅವರಿಗೆ ನನ್ನ ಕೈ ಹಿಡ್ಕಂಡು ತಿರುಗಾಡ್ಸೋದು ತಪ್ತೈತೆ. ನಿಮಗೇನೂ ಲಾಭ ಇಲ್ಲ. ನೀವು ಹೇಳ್ರಿ."

ನಾನು ಸುಮ್ಮನಿರಬೇಕಿತ್ತು. ನನ್ನ ಎರಡೂ ಕಣ್ಣು ಕೊಯ್ಯಿಸಿಕೊಂಡಿದ್ದೇನೆ, ಇರುವೆ ಕಚ್ಚಿದಷ್ಟೇ ನೋವು, ಈಗ ಸೂಜಿಗೆ ದಾರ ಪೋಣಿಸುತ್ತೇನೆ ಎಂದುಬಿಟ್ಟೆ. ಅಜ್ಜ ನಿಟ್ಟುಸಿರು ಬಿಟ್ಟು, ಹಂಗಾದ್ರೆ ಸೋಮವಾರ ಮಾಡಿಸ್ಕಂತೀನಿ ಎಂದರು.

ಶನಿವಾರ ಲೈನ್‌ಮ್ಯಾನ್ ಬಂದು ಫೋನು ಸರಿಮಾಡಿ ಹೋದ. ಮಾಲೀಕರಿಗೆ ಖುಷಿ. ನನಗೆ ಅನ್ನ ಸೇರಲಿಲ್ಲ. ಅಜ್ಜನ ಕಣ್ಣು ಹೋದರೆ ಹೋದದ್ದು ನನ್ನ ಸುಳ್ಳಿನಿಂದ. ಆದದ್ದೇನು ಎಂದು ಕೇಳಲು ಹೆಸರಿಲ್ಲ, ನಂಬರಿಲ್ಲ.

ಆಪರೇಷನ್ ಆದವರನ್ನು ಮತ್ತೆ ನೋಡುವುದೂ ಸೋಮವಾರವೇ ಎಂದು ವಿಚಾರಿಸಿಕೊಂಡೆ. ಮೂರು ಸೋಮವಾರ ಆ ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಒಗ್ಗರಣೆಗೆ ಮಂಡಕ್ಕಿ ನೆನೆಸಬೇಕೋ ಬೇಡವೋ ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. ಕಂಪೌಂಡರ್ ನನಗೆ ಬೇರೆ ಡಾಕ್ಟರ ವಿಳಾಸ ಹೇಳಿದ. ಮೂರನೆಯ ಸಲ ಮೂಲೆಯಿಂದ ಉತ್ತರ ಬಂತು: "ಗಂಜಿ ಬೇಕಾದ್ರೆ ನೆನೆಸ್ರಿ."

ಓಡಿಹೋಗಿ ಎದುರು ನಿಂತೆ. ಬಾಯಿಗೆ ಮುದುಕನ ದನಿಯೇ ಬಂತು. "ಕಾಣ್ತೈತೇನ್ರಿ?"

ಅಜ್ಜ ಹೊಸ ದಪ್ಪ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಾಣ್ತೈತೆ. ಕರೀ ಮೀಸೆ ಕಾಣ್ತೈತೆ. ಎರಡೂ ಕಣ್ಣು ಕೊಯ್ಸ್ಕಂಡವಂಗೆ ಕನ್ನಡಕ ಇಲ್ದಿದ್ದೂ ಕಾಣ್ತೈತೆ." ಆಮೇಲೆ ಕೇಳಿದರು, "ಇರುವೆ ಅಂದ್ಯಲ್ಲ, ಯಾವ ಊರ ಇರುವೆಯಪ್ಪಾ ಅದು?"

ಅವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಂದು ಕಣ್ಣು ಬಾಕಿ ಐತೆ, ಮಾಡಿಸ್ಲೋ ಬ್ಯಾಡ್ವೋ ಎಂದರು.

"ನನಗೆ ಗೊತ್ತಿಲ್ರಿ" ಎಂದೆ. ಅವರಿಗೆ ನಾನು ಹೇಳಿದ ಮೊದಲ ನಿಜ ಅದು. ಅವರು ಅದನ್ನೂ ಮಾಡಿಸಿಕೊಂಡರು.

ಇದರಲ್ಲಿ ಸುಳ್ಳು ಒಂದೇ. ಮಂಡಕ್ಕಿಯ ಪಕ್ಷ ಅದಲುಬದಲು ಮಾಡಿದ್ದೇನೆ. ಗಂಜಿ, ಗಂಜಿ ಎಂದು ಹಟ ಹಿಡಿದವನು ನಾನು. ಆಸ್ಪತ್ರೆಯ ಮೂಲೆಯಿಂದ ನಿಜವಾಗಿ ಬಂದ ಉತ್ತರ, ನೆನೆಸಿ ಹಿಂಡಬೇಕು ಎಂದು. ಆಮೇಲೆ ಹರಿಹರದಲ್ಲಿ ಅವರ ಮನೆಯಲ್ಲಿ ನೆನೆಸಿದ್ದನ್ನೇ ತಿಂದು ನೋಡಿದೆ. ಅಜ್ಜನೇ ಸರಿ.