ಉಪವಾಸವಿದ್ದ ಕೌದಿ

ಸುಂದರಾ ಹೊಲಿದ ಕೌದಿಗಳೆಲ್ಲ ಒಂದೇ ಉದ್ದ. ಕುಡಚಿಯ ಆಚೀಚೆಯ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಅವಳ ಕೌದಿ ಬಿಚ್ಚಿ ಹಾಸಿದರೂ ಅದು ಅವಳ ಗಂಡ ರಾಜಾರಾಮನ ಅಂಗಾಲಿನಿಂದ ನೆತ್ತಿಯವರೆಗೆ, ಮೇಲೊಂದು ಗೇಣು. ಟೇಪು ಅವಳಿಗೆ ಸೇರುವುದಿಲ್ಲ. ಹೊಸ ಕೌದಿ ಶುರುವಾಗುವ ದಿನ ರಾಜಾರಾಮ ಪಡಸಾಲೆಯ ನಡುವೆ ಅಂಗಾತ ಮಲಗಬೇಕು, ಅಲುಗಾಡಬಾರದು, ಮಾತಾಡಬಾರದು. ಒಮ್ಮೆ ಹಾಗೆ ಮಲಗಿದವನಿಗೆ ನಿದ್ದೆ ಹತ್ತಿತೆಂದೂ, ಎದ್ದಾಗ ಅವನ ಧೋತರದ ಚುಂಗು ಕೌದಿಯೊಳಗೆ ಸೇರಿಹೋಗಿತ್ತೆಂದೂ ಓಣಿಯವರು ಹೇಳುತ್ತಾರೆ. ರಾಜಾರಾಮ ಇದನ್ನು ಅಲ್ಲಗಳೆಯುವುದಿಲ್ಲ. “ಧೋತರಾ ಹೋತು, ನಾ ಉಳದ್ನಿ” ಎನ್ನುತ್ತಾನೆ.

ಬೆಳಿಗ್ಗೆ ಕಬ್ಬಿನ ಹೊಲದಲ್ಲಿ ಕಳೆ ತೆಗೆದು ಬಂದು, ಬಿಸಿಲು ಹೊಸ್ತಿಲ ಮೇಲೆ ಬಂದು ಕೂತ ಹೊತ್ತಿಗೆ ಸುಂದರಾ ತನ್ನ ಗಂಟು ಬಿಚ್ಚುತ್ತಾಳೆ. ಹಳೆಯ ಸೀರೆ, ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ. ತುಂಡುಗಳನ್ನು ಪದರ ಪದರವಾಗಿ ಕೂಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಜೋಳ ಬಿತ್ತಿದ ಸಾಲಿನಂಥ ಹೊಲಿಗೆ ಹಾಕುತ್ತಾಳೆ. ಕೈ ಓಡುತ್ತಿರುವಾಗ ಬಾಯಿಯೂ ಓಡುತ್ತಿರುತ್ತದೆ, ಆದರೆ ಮನುಷ್ಯರ ಜೊತೆಗಲ್ಲ. “ಏ ಕೆಂಪಿ, ಅತ್ತಾಗ ಸರಿ. ಎಷ್ಟ ಜಾಗಾ ಬೇಕ ನಿನಗ? ಈ ಹಸರಕಿ ಎಲ್ಲಿ ಕುಂದರಬೇಕು?” ಕೆಂಪು ತುಂಡು ಸರಿದು ಹಸಿರಿಗೆ ಜಾಗ ಕೊಡುತ್ತದೆ.

ಅವಳ ಪ್ರಕಾರ ಕೌದಿಗೆ ಹೊಟ್ಟೆಯುಂಟು. ಕೊನೆಯ ಮೂಲೆಯೊಂದನ್ನು ಹೊಲಿಯದೆ ಬಿಡುತ್ತಾಳೆ, ಅದು ಬಾಯಿ. ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು, “ಉಣ್ಣವಾ, ಹೊಟ್ಟಿ ತುಂಬ ಉಣ್ಣು, ಹೊತಗೊಂಡೋರನ್ನ ಬೆಚ್ಚಗಿಡು” ಎಂದು ಹೇಳಿದ ಮೇಲೆಯೇ ಬಾಯಿಗೆ ಹೊಲಿಗೆ ಬೀಳುವುದು. ಅವಳ ಅವ್ವ ಹೀಗೆ ಮಾಡುತ್ತಿದ್ದಳು, ಅವ್ವನ ಅವ್ವನೂ. ಹಸಿದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದೆ. ಒಂದಕ್ಕೆ ಉಣಿಸದೆ ಇನ್ನೊಂದಕ್ಕೆ ಸೂಜಿ ಹಾಕಿದರೆ ಆ ಇನ್ನೊಂದೂ ಹಸಿದೇ ಹುಟ್ಟುತ್ತದೆ.

ಎರಡು ಸಾವಿರದ ಹನ್ನೆರಡರ ದೀಪಾವಳಿಯ ಹೊತ್ತಿಗೆ ಎಡವಟ್ಟಾದದ್ದು ಇಲ್ಲಿಯೇ.

ಶೇಡಬಾಳದ ಭಾವುಸಾಹೇಬ ಎಂಬ ನಿವೃತ್ತ ಮಾಸ್ತರರು ತಮ್ಮ ಹಳೆಯ ವಾಡೆಯ ಮುಂದಿನ ಅಂಕಣವನ್ನು ಮ್ಯೂಜಿಯಂ ಮಾಡಿದ್ದರು. ಎತ್ತಿನ ಕೊರಳಗಂಟೆ, ಕೂರಿಗೆ, ರಾಟೆ, ಅಥಣಿಯ ಚಪ್ಪಲಿಗಳು, ಕರಿಯ ಕಂಬಳಿ, ಕುಪ್ಪಸದ ಖಣ, ಎಲ್ಲ ಸೇರಿದ್ದವು. ಕೌದಿಯೊಂದು ಬೇಕೆಂದು ಸುಂದರಾಳನ್ನು ಕೇಳಿದಾಗ ಅವಳು ಹಿಗ್ಗಿ ಒಪ್ಪಿದ್ದಳು. ಕೊನೆಯ ಮೂಲೆಯೊಂದು ಬಾಕಿ ಇತ್ತು. ಹೋಳಿಗೆ ನಾಳೆ ಮಾಡಿದರಾಯಿತೆಂದು ಅವಳು ಹೊಲಕ್ಕೆ ಹೋದಳು. ಮಾಸ್ತರರು ಒಂದು ದಿನ ಮೊದಲೇ ಗಾಡಿ ತೆಗೆದುಕೊಂಡು ಬಂದುಬಿಟ್ಟರು.

ಸಂಜೆ ಬಂದ ಹೆಂಡತಿಗೆ ರಾಜಾರಾಮ ಎದೆಯುಬ್ಬಿಸಿ ಹೇಳಿದ: “ಕೊಟ್ಟ ಕಳಸೀನಿ. ಮೂಲ್ಯಾಗೊಂದ ತೂತ ಬಿಟ್ಟಿದ್ದಿ ನೋಡ, ಮರವಿನಾಕಿ! ಮರ್ಯಾದಿ ಹೋಗಬಾರದಂತ ನಾನ ದಬ್ಬಣಾ ತಗೊಂಡು ಗಟ್ಟಿಯಾಗಿ ಹೊಲದೀನಿ.”

ಸುಂದರಾ ಹೊಸ್ತಿಲ ಮೇಲೆ ಕುಸಿದಳು. “ಅಯ್ಯs ನಿಮ್ಮ! ಹಸದ ಕೂಸಿನ ಬಾಯಿ ಹೊಲದ ಕಳಸೀರೆಲ್ರೀ!”

ಇಷ್ಟು ವರ್ಷ ಕೌದಿಗಳಿಗೆ ಅಳತೆಯಾಗಿ ಮಲಗಿದವನಿಗೆ ಕೌದಿಯ ಬಾಯಿ ಗೊತ್ತಿರಲಿಲ್ಲ. ಕೌದಿಗೆ ಉಣಿಸುವ ದಿನಗಳಲ್ಲಿ ಉಳಿದ ಹೋಳಿಗೆಗಳು ಅವನ ಪಾಲಿಗೆ ಬರುತ್ತಿದ್ದವು. ಅವನ ಕಣ್ಣು ಯಾವಾಗಲೂ ತಾಟಿನ ಮೇಲೆಯೇ ಇರುತ್ತಿತ್ತು.

ಬೇರೆ ವರ್ಷವಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಮಗಳು ನೀಲಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬರುವ ಕೂಸಿಗೆ ಕೌದಿ ಹೊಲಿಯಬೇಕು. ಸುಂದರಾ ಸೂಜಿ ಹಿಡಿಯುವಳು, ಇಡುವಳು. ಬಟ್ಟೆಯ ಗಂಟಿಗೆ ಕೈ ಹಾಕುವಳು, ಸುಟ್ಟವರಂತೆ ಹಿಂದಕ್ಕೆ ತೆಗೆಯುವಳು.

“ಅಂಗಡ್ಯಾಗಿಂದ ಒಂದ ದುಪಟಿ ತಂದ್ರಾತ ಬಿಡಬೇ ಯವ್ವಾ” ಎಂದಳು ನೀಲಮ.

“ಹೌದs, ಬಾಣಂತನಾ ಮಾಡಾಕ ಒಬ್ಬಾಕಿ ಅವ್ವನ್ನೂ ಅಂಗಡ್ಯಾಗಿಂದs ತರಸು.”

ರಾಜಾರಾಮ ನಡುವೆ ಬಾಯಿ ಹಾಕಿದ: “ಬುದ್ಧವಿಹಾರದಾಗ ಮುಂದಿನ ಸಾಲಿನ್ಯಾಗ ಕುಂತು ಮೂಢನಂಬಿಕಿ ಬಿಡ್ರಿ ಅಂದದ್ದ ಕೇಳ್ತಿ, ತಲಿ ಹಾಕ್ತಿ. ಮನಿಗೆ ಬಂದು ಹರಕ ಅರಿವಿ ತುಂಡಿಗೆ ನೈವೇದ್ಯಾ ಹಿಡೀತಿ!”

“ನೈವೇದ್ಯಾ ಅಲ್ರಿ ಅದು, ಊಟ. ಹಸದೋರಿಗೆ ಉಣಸಬ್ಯಾಡ್ರಿ ಅಂತ ವಿಹಾರದಾಗ ಯಾವತ್ತ ಹೇಳ್ಯಾರ? ಏಳ್ರಿ, ಶೇಡಬಾಳಕ ಹೋಗೂನು.”

ಮರುದಿನ ಅವಳು ತುಪ್ಪ ಸವರಿದ ಒಂದು ಹೋಳಿಗೆಯನ್ನು ಬಾಳೆಯೆಲೆಯಲ್ಲಿ ಸುತ್ತಿಕೊಂಡಳು, ಸೂಜಿದಾರವನ್ನು ಸೆರಗಿಗೆ ಸಿಕ್ಕಿಸಿಕೊಂಡಳು. ಕುಡಚಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಕೃಷ್ಣೆಯನ್ನು ದಾಟಿ, ಶೇಡಬಾಳ ಸ್ಟೇಶನ್ನಿನಿಂದ ಟಂಟಂನಲ್ಲಿ ಕುಲುಕುತ್ತ ಇಬ್ಬರೂ ವಾಡೆಯ ಮುಂದೆ ಇಳಿದಾಗ ಮಧ್ಯಾಹ್ನ ಇಳಿದಿತ್ತು. ಬಾಗಿಲಲ್ಲಿ ಒಂದು ಹಲಗೆ ತೂಗುತ್ತಿತ್ತು. ರಾಜಾರಾಮ ಅಕ್ಷರ ಕೂಡಿಸಿ ಓದಿದ.

“ತಿನ್ನು ಪದಾರ್ಥ ಒಳಗ ತರಬಾರದಂತ.”

“ನಾವ ತಿನ್ನಾಕ ಒಯ್ಯಾಕತ್ತಿಲ್ಲಲ್ಲ.”

“ಏನೂ ಮುಟ್ಟಬಾರದಂತ.”

“ಹೊಲದಾಕಿನs ಮುಟ್ಟಬಾರದೇನು? ತಲಿ ತಗ್ಗಸ್ರಿ.”

ಗಂಡ ತಲೆ ತಗ್ಗಿಸಿದ. ಅವಳು ಎಲೆಯನ್ನು ಬಿಸುಟು, ಹೋಳಿಗೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಬಿಳಿ ಟೊಪ್ಪಿಗೆಯೊಳಗೆ ಇಟ್ಟು ಟೊಪ್ಪಿಗೆ ಕೂಡಿಸಿದಳು. “ಈಗ ಅಲುಗಾಡಬ್ಯಾಡ್ರಿ.” ಅಲುಗಾಡದೆ ಇರುವುದರಲ್ಲಿ ಅವನಿಗೆ ಅಭ್ಯಾಸವಿತ್ತು.

“ಜೈ ಜಿನೇಂದ್ರ! ಬರ್ರಿ ಬರ್ರಿ, ಸುಂದರಾಬಾಯಿ!” ಎಂದು ಭಾವುಸಾಹೇಬರು ಎರಡೂ ಕೈ ಚಾಚಿ ಬಂದರು.

“ಜೈಭೀಮ್ರಿ ಸರ” ಎಂದ ರಾಜಾರಾಮ, ಕೈ ಮಾತ್ರ ಎತ್ತಿ.

“ಕುತ್ತಿಗಿ ಏನ ಆಗೈತೊ, ರಾಜಾರಾಮ?”

“ಉಳಕೈತ್ರಿ ಸರ. ಗಾಡ್ಯಾಗ ಗಾಳಿ ಬಡೀತು.”

ಮಾಸ್ತರರು ನಿವೃತ್ತರಾಗಿದ್ದರು, ಅವರ ಪಾಠ ನಿವೃತ್ತವಾಗಿರಲಿಲ್ಲ. ಒಂದೊಂದು ಗಂಟೆಯನ್ನೂ ಬಾರಿಸಿ, ಅದು ಯಾವ ಎತ್ತಿನದು, ಆ ಎತ್ತು ಯಾವ ಸಂತೆಯಲ್ಲಿ ಬಂದದ್ದು, ಅದರ ಒಡೆಯನ ಮದುವೆ ಎಲ್ಲಿ ಆದದ್ದು, ಎಲ್ಲ ಹೇಳಿದರು. ರಾಜಾರಾಮ ಕಂಬದಂತೆ ನಿಂತು ಕೇಳಿದ. ಅಷ್ಟರಲ್ಲಿ ಸುಂದರಾ ಗೋಡೆಯ ಪಕ್ಕದಿಂದ ಮೆಲ್ಲಗೆ ಜಾರಿಕೊಂಡಳು.

ಅವಳ ಕೌದಿ ಒಳಗಿನ ಮೂಲೆಯಲ್ಲಿ, ಬಿದಿರ ಗಳಕ್ಕೆ ನೇತುಬಿದ್ದಿತ್ತು. ಮುಂದೆ ಅಡ್ಡಲಾಗಿ ಹಗ್ಗ. ಮನೆಯಲ್ಲಿ ನೆಲದ ಮೇಲೆ ತೊಡೆಗೆ ತಾಗಿಕೊಂಡು ಬೆಳೆದದ್ದು ಇಲ್ಲಿ ಎದ್ದು ನಿಂತು, ಸೊರಗಿ, ದೊಡ್ಡವರ ಮನೆಯಲ್ಲಿ ಮಾತಾಡಲು ಹೆದರಿದ ಹುಡುಗಿಯಂತೆ ಕಾಣಿಸಿತು. ಕೆಳಗಿನ ಮೂಲೆಯಲ್ಲಿ ರಾಜಾರಾಮನ ದಬ್ಬಣದ ಹೊಲಿಗೆ. ಗೊಬ್ಬರದ ಚೀಲದ ಬಾಯಿಗೆ ಹಾಕುವ ಹೊಲಿಗೆ. “ಯವ್ವಾ, ಏನ ಗತಿ ಮಾಡ್ಯಾನ ನಿನಗ” ಎನ್ನುತ್ತ ಅವಳು ಸೀರೆ ಎತ್ತಿ ಹಗ್ಗ ದಾಟಿದಳು, ಹಲ್ಲಿನಿಂದ ಸುತಳಿ ಕಡಿದಳು.

ಅತ್ತ ಕೂರಿಗೆಯ ಮುಂದೆ ಮಾಸ್ತರರ ಪಾಠ ತಟ್ಟನೆ ನಿಂತಿತು. ರಾಜಾರಾಮನ ಹಣೆಯ ಮೇಲೆ ತುಪ್ಪದ ಒಂದು ಎಳೆ ಇಳಿಯುತ್ತಿತ್ತು. ಅದರ ವಾಸನೆ ಹಿಡಿದು, ಕಿವಿಯ ಹಿಂದಿನಿಂದ, ಒಂದು ಇರುವೆ ಮೇಲಕ್ಕೆ ಹೊರಟಿತ್ತು. ಅದರ ಹಿಂದೆ ಇನ್ನೊಂದು. ರಾಜಾರಾಮ ಕೈ ಎತ್ತಿದ.

“ಹೊಡೀಬ್ಯಾಡಾ!” ಎಂದು ಭಾವುಸಾಹೇಬರು ಅವನ ಕೈ ಹಿಡಿದುಕೊಂಡರು. “ಜೀವ ಐತಿ ಅದು!” ಕಾಗದದ ತುಂಡೊಂದನ್ನು ಅವನ ಕಿವಿಗೆ ಹಚ್ಚಿ, ಇರುವೆಗಳನ್ನು ಒಂದೊಂದಾಗಿ ಕರೆದುಕೊಂಡು ಹೋಗಿ ಅಂಗಳದಲ್ಲಿ ಬಿಟ್ಟು ಬಂದರು. “ಈಗ ಟೊಪಗಿ ತಗೀ.”

ಹೋಳಿಗೆ ಹೊರಬಂತು. ಅದೇ ಹೊತ್ತಿಗೆ ಒಳಗಿನ ಮೂಲೆಯಿಂದ ಸುಂದರಾ ಕೂಗಿದಳು: “ಏನ್ರೀ, ಬಾಯಿ ಬಿಚ್ಚೀನಿ, ಲಗೂನ ತರ್ರಿ!”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸುಂದರಾ ಕೌದಿಯ ಮೂಲೆ ಹಿಡಿದುಕೊಂಡೇ ಎಲ್ಲ ಹೇಳಿದಳು, ಹಸಿವು, ಬಾಯಿ, ನೀಲಮಳ ಕೂಸು, ಹಿಡಿಯಲಾಗದ ಸೂಜಿ. ಭಾವುಸಾಹೇಬರು ನಗಲಿಲ್ಲ. ಆದರೆ ಒಪ್ಪಲೂ ಇಲ್ಲ.

“ನಿಮ್ಮ ಮಾತ ಖರೇನ ಇರಲಿ, ಬಾಯಿ. ಆದ್ರ ಬೆಲ್ಲಾ ಒಳಗಿಟ್ರ ಇರಿವಿ ಬರತಾವ, ಹುಳಾ ಬೀಳತಾವ. ಹುಳಾ ಬಿದ್ರ ಔಷಧ ಹೊಡೀಬೇಕ. ನಿಮ್ಮ ಕೌದಿ ಒಂದಕ್ಕ ಉಣಸಾಕ ನಾ ಎಷ್ಟ ಜೀವಾ ತಗೀಲಿ?”

“ಹಂಗಾರ ಇದು ಹಸದs ಇರಲೇನ್ರಿ ಸರ?”

“ಹಸವಂತ ಯಾಕ ಅಂತೀರಿ? ಉಪವಾಸ ಅನ್ರಿ. ನಮ್ಮಲ್ಲಿ ಉಪವಾಸ ಹಿಡದೋರಿಗೆ ಮೆರವಣಿಗಿ ಮಾಡ್ತೇವಿ. ನಿಮ್ಮ ಕೌದಿ ದೊಡ್ಡ ಪುಣ್ಯಾ ಗಳಸಾಕತ್ತೈತಿ!”

ತಮ್ಮ ಮಾತಿಗೆ ತಾವೇ ಮೆಚ್ಚಿ ಅವರು ಕನ್ನಡಕ ಸರಿಪಡಿಸಿಕೊಂಡರು. ಒಳಮನೆಯ ಬಾಗಿಲಲ್ಲಿ ಅವರ ಹೆಂಡತಿ ರಾಜಮತಿ ಆಗಲೇ ಬಂದು ನಿಂತಿದ್ದರು.

“ಉಪವಾಸ ಅಂದ್ರೆಲ್ಲಾ?” ಎಂದರು ಅವರು. “ಉಪವಾಸ ಅಂದಮ್ಯಾಲ ಪಾರಣಿ ಬೇಕಲ್ಲ. ನಮ್ಮ ಮನ್ಯಾಗ ಉಪವಾಸ ಕುಂತೋರಿಗೆ ಪಾರಣಿ ಮಾಡಸದ ಬಿಟ್ಟ ಪಾಪ ಯಾರಿಗೆ, ಪಂಡಿತರ?”

ಉಪವಾಸ ಬಿಡಿಸುವ ಊಟ ಎಷ್ಟು ದೊಡ್ಡ ಹೊಣೆಯೆಂಬುದು ಭಾವುಸಾಹೇಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಸೋತ ದನಿಯಲ್ಲಿ ಅಂದರು: “ಇರಿವಿ?”

ಚೌಕಾಸಿ ಶುರುವಾಯಿತು. ಚುರಮುರಿ ಇಡೋಣವೆಂದರು ಮಾಸ್ತರರು. “ಸಂಜೀ ಚಾದ ಹೊತ್ತಿಂದ ಅದು, ಊಟ ಅಲ್ರಿ” ಎಂದಳು ಸುಂದರಾ. ಲವಂಗವೊಂದನ್ನು ಇಟ್ಟರೆ ಹುಳ ಹತ್ತಿರ ಬರುವುದಿಲ್ಲವೆಂದರು. “ಲವಂಗಾ ತಿಂದ ನಿಮ್ಮ ಹೊಟ್ಟಿ ತುಂಬತೈತೇನ್ರಿ?” ರಾಜಾರಾಮ, ಮಾತಿನ ನಡುವೆ ಯಾರೂ ನೋಡುತ್ತಿಲ್ಲವೆಂದುಕೊಂಡು, ಕೈಯಲ್ಲಿದ್ದ ಹೋಳಿಗೆಯನ್ನು ಹಿಡಿದು ಅಂಗಳಕ್ಕೆ ನಡೆದು ಆ ತೊಡಕನ್ನು ತನ್ನ ಮಟ್ಟಿಗೆ ಪರಿಹರಿಸಿದ.

ರಾಜಮತಿ ಕಿಟಕಿಯತ್ತ ನೋಡಿದರು. ಬಿಸಿಲು ಗೋಡೆಯ ಅರ್ಧ ಏರಿತ್ತು. “ಹೊತ್ತ ಮುಳಗೂದರೊಳಗ ಆಗಬೇಕ ನೋಡ್ರಿ. ಮುಳಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣಂಗಿಲ್ಲ, ಕೌದಿನೂ ಉಣ್ಣಂಗಿಲ್ಲ. ಖಡಕ್ ರೊಟ್ಟಿ ಆದ್ರ? ತಿಂಗಳಗಟ್ಟಲೆ ಇಡ್ತೇವಿ, ಕೆಡತೈತೇನು?”

ಸುಂದರಾ ಯೋಚಿಸಿದಳು. “ರೊಟ್ಟಿ ಊಟನ ಹೌದ್ರಿ ಅಕ್ಕಾರ. ಆದ್ರ ಕೌದಿ ಹೊಲಿದ ಕೈಯಿಂದನ ಬಡೀಬೇಕು.”

“ಮತ್ತ ನಿಂತೀರೆಲ್ಲ? ಬರ್ರಿ ಒಳಗ.”

ಅಡುಗೆಮನೆಯ ಹೊಸ್ತಿಲಲ್ಲಿ ಸುಂದರಾಳ ಕಾಲು ತಾನಾಗಿ ನಿಂತಿತು. ಇಂಥ ಎಷ್ಟೋ ಮನೆಗಳ ಹೊಲದಲ್ಲಿ ಅವಳು ದುಡಿದಿದ್ದಳು, ಕೊಟ್ಟಿಗೆ, ಅಂಗಳ, ಹಿತ್ತಿಲು ಎಲ್ಲ ಗೊತ್ತಿತ್ತು. ಒಲೆಯ ಮುಂದೆ ಕೂತಿರಲಿಲ್ಲ. ರಾಜಮತಿ ಹಿಂತಿರುಗಿ ನೋಡಿ, ಹಿಟ್ಟಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. “ಹೊತ್ತ ಕಾಯಂಗಿಲ್ಲವಾ, ಸುಂದರಾ. ನೀ ಬಡಿ, ನಾ ಒಲಿ ನೋಡ್ತೇನಿ.”

ಅಂಗೈಯಗಲದ ರೊಟ್ಟಿ ತವೆಯ ಮೇಲೆ ಬಿತ್ತು. ಒಣಬಟ್ಟೆಯಿಂದ ಒತ್ತಿ ಒತ್ತಿ, ಉಗುರಿನಿಂದ ಬಡಿದರೆ ಠಣ್ ಎನ್ನುವವರೆಗೆ ರಾಜಮತಿ ಅದನ್ನು ಒಣಗಿಸಿದರು. ಹಿತ್ತಿಲಿಂದ ಭಾವುಸಾಹೇಬರು ಒಣಗಿದ ಬೇವಿನೆಲೆ ಆರಿಸಿ ತಂದರು.

“ಇದ್ಯಾಕ್ರಿ ಸರ?”

“ಪಲ್ಯ. ಬರೇ ರೊಟ್ಟಿ ಹೆಂಗ ಉಣ್ಣಬೇಕ ಅದು?”

“ಮೊದಲನೇ ತುತ್ತs ಕಹಿ ಉಣಸಲೇನ್ರಿ?”

“ಉಗಾದಿಗೆ ನೀವ ಮೊದಲ ಏನ ತಿಂತೀರಿ?” ಎಂದರು ರಾಜಮತಿ. ಸುಂದರಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕಳೆಂದರೆ ಒಪ್ಪಿದಳೆಂದೇ ಲೆಕ್ಕ. ಮಾಸ್ತರರು ಮೆಲ್ಲಗೆ ಜೇಬಿನಿಂದ ಲವಂಗ ತೆಗೆದರು. “ಊಟ ಆದಮ್ಯಾಲ ಎಲಿ ಅಡಿಕಿ ಬದಲಿ.” ಅದೂ ನಡೆಯಿತು.

ಗಳದಿಂದ ಕೌದಿ ಇಳಿಯಿತು. ಪಡಸಾಲೆಯಲ್ಲಿ ಹಾಸಿದರು. ಕೊನೆಯ ಬಿಸಿಲು ಕೆಂಪು ತುಂಡಿನಿಂದ ಹಸಿರು ತುಂಡಿಗೆ, ಹಸಿರಿನಿಂದ ಹಳದಿಗೆ ಸರಿಯುತ್ತಿತ್ತು. ಸುಂದರಾ ಮೂಲೆಯ ಬಾಯಿಯಲ್ಲಿ ರೊಟ್ಟಿ ಇಟ್ಟಳು, ಬೇವಿಟ್ಟಳು, ಲವಂಗವಿಟ್ಟಳು. ಅವಳ ದನಿ ಸಣ್ಣದಾಯಿತು. “ಉಣ್ಣವಾ. ತಡಾ ಆತು, ಸಿಟ್ಟಾಗಬ್ಯಾಡ.” ಬಿಸಿಲು ಬಟ್ಟೆ ಬಿಟ್ಟು ನೆಲಕ್ಕಿಳಿಯುವಷ್ಟರಲ್ಲಿ ಕೊನೆಯ ಗಂಟು ಬಿತ್ತು. ರಾಜಾರಾಮ ಟೊಪ್ಪಿಗೆ ತೆಗೆದು ನಿಂತಿದ್ದ.

ಮೊದಲು ಎದ್ದವಳು ಸುಂದರಾ. ಎದ್ದವಳ ಕಣ್ಣಲ್ಲಿ ಹೊಲಿಗೆಯ ಆಸೆ ಮರಳಿತ್ತು. ಸೆರಗೊಡ್ಡಿ ಕೇಳಿದಳು: “ಅಕ್ಕಾರ, ನನ್ನ ಮಗಳ ಕೂಸಿಗೆ ಕೌದಿ ಹೊಲಿಬೇಕು. ನಿಮ್ಮ ಮನೀದೊಂದ ಹಳೇ ಅರಿವಿ ಕೊಡ್ರಿ. ಮಂದಿ ಮನಿ ಅರಿವಿ ಕೂಡಿದ್ರ ಕೂಸಿಗೆ ಛಲೋ.”

ರಾಜಮತಿ ಒಳಗೆ ಹೋಗಿ, ಜೋಪಾನವಾಗಿ ಮಡಿಚಿಟ್ಟ ಇರಕಲ್ ಸೀರೆಯೊಂದನ್ನು ತಂದರು. ಉಟ್ಟೂ ಉಟ್ಟೂ ತೆಳ್ಳಗಾಗಿ ಮೆತ್ತಗಾಗಿತ್ತು. ಭಾವುಸಾಹೇಬರು ಎದ್ದೇ ನಿಂತರು.

“ಏ, ಅದು ನಮ್ಮ ಅವ್ವನ ಸೀರಿ! ಮ್ಯೂಜಿಯಮ್ಮಿಗೆ ಕೊಡಂತ ವರ್ಷಗಟ್ಟಲೆ ಕೇಳಾಕತ್ತೇನಿ ನಿನ್ನ!”

“ಕೇಳ್ರಿ. ನಿಮ್ಮ ಅವ್ವ ಕೂಸುಗಳನ್ನ ಎತ್ಕೊಂಡ ಬೆಳಸಿದಾಕಿ. ಗಳಕ್ಕ ಜೋತ ಬಿದ್ದ ಏನ ಮಾಡ್ತಾಳ?” ಎಂದು ರಾಜಮತಿ ಸೀರೆಯನ್ನು ಸುಂದರಾಳ ಸೆರಗಿಗೆ ಹಾಕಿದರು.

ಸುಂದರಾ ಮಾಸ್ತರರನ್ನು ನೋಡಿದಳು. ಅವರು ಸೀರೆಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. “ಅಗಲ ಅಂಚ ಮ್ಯಾಲ ಬರೂಹಂಗ ಹೊಲೀರಿ, ಬಾಯಿ” ಎಂದರು. “ಕೂಸ ಹಿಡಕೊಳ್ಳಾಕ ಗಟ್ಟಿ ಇರತೈತಿ.”

ಅವಳು ಅಲ್ಲಿಯೇ, ಅವರ ಕಣ್ಣೆದುರಿಗೇ, ಸೀರೆಯ ತುದಿಯನ್ನು ಹಲ್ಲಿಗೆ ಹಿಡಿದು ಪರ್ರನೆ ಹರಿದಳು. ಭಾವುಸಾಹೇಬರು ಕಣ್ಣು ಮುಚ್ಚಿಕೊಂಡರು. ರಾಜಮತಿ ನಕ್ಕರು. ಗಾಡಿಗೆ ಹೊತ್ತಾಯಿತೆಂದು ರಾಜಾರಾಮ ಅವಸರ ಮಾಡುತ್ತಿದ್ದರೂ ಸುಂದರಾ ಕದಲಲಿಲ್ಲ. ಎಷ್ಟೋ ದಿನದ ಮೇಲೆ ಕೈಗೆ ಬಂದ ಸೂಜಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ದಾರ ಪೋಣಿಸುತ್ತಿದ್ದಳು.