ಹನ್ನೆರಡನೆಯ ನಮೂದು

ಮಾರ್ಚ್ ಹನ್ನೊಂದು, ಬುಧವಾರ. ಬೆಳಗ್ಗೆ ಮೋಡ ಕವಿದಿತ್ತು. ಹತ್ತರ ಹೊತ್ತಿಗೆ ನಾಲ್ಕು ಹನಿ ಉದುರಿ ನಿಂತಿತು.

ಗಣ್ಯರ ಪರಿಚಯ ಕೊಡುವ ವ್ಯಕ್ತಿಕೋಶದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದ ಆಕೆಯ ಮೇಜಿಗೆ ಅಂದು ತಮ್ಮನ ಹೆಸರಿನ ಪುಟ ಬಂದಿತು. ಆ ಒಂದೇ ಹೆಸರನ್ನು ಹೊತ್ತ ಗಣ್ಯರು ಹನ್ನೊಂದು ಮಂದಿ. ತಮ್ಮನೋ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. "ನನ್ನ ಹೆಸರಿನ ಪುಟ ಬಂತೇನೇ ಅಕ್ಕ? ಬಸ್ಸಲ್ಲಿ ಕರ್ಚೀಫು ಹಾಕಿದ ಹಾಗೆ ನನಗೂ ಒಂಚೂರು ಜಾಗ ಹಿಡಿದಿಡು" ಎಂದು ಊಟಕ್ಕೆ ಕೂತಾಗಲೆಲ್ಲ ಕಾಡುತ್ತಿದ್ದ. ಕಳೆದ ಜುಲೈನಲ್ಲಿ ಕಾಮಾಲೆಯಿಂದ ತೀರಿಹೋದ. ಪುಟ ಜೋಡಿಸುವವನಿಗೆ ಕಳಿಸಿದ ನಮೂದುಗಳ ಚೀಟಿಗಳ ಕಟ್ಟಿನೊಳಗೆ ಆಕೆ ತಮ್ಮನ ಬಗ್ಗೆ ತಾನೇ ಬರೆದ ಒಂದನ್ನು ಸೇರಿಸಿದ್ದಳು.

ಎದುರು ಕುಳಿತು ಚೀಟಿಗಳನ್ನು ಗಟ್ಟಿಯಾಗಿ ಓದುವ ಸಹೋದ್ಯೋಗಿಯನ್ನು ಕಚೇರಿಯೆಲ್ಲ 'ಗಂಟಲು' ಎಂದೇ ಕರೆಯುತ್ತಿತ್ತು. ಅವನು ಓದುತ್ತ ಹೋದ. ಆಕೆ ಕರಡಿನ ಮೇಲೆ ಬೆರಳು ಸರಿಸುತ್ತ ಹೋದಳು.

"ಹನ್ನೆರಡು. ಲಿಫ್ಟ್ ಮೆಕ್ಯಾನಿಕ್, ಅಲ್ಪವಿರಾಮ, ಹದಿನೆಂಟು ವರ್ಷ ಮೂವತ್ತೊಂದು ಕಟ್ಟಡಗಳ... ಅಲ್ಲ ಅಕ್ಕಾ, ಇದ್ಯಾವ ಮಹಾನುಭಾವ?" ಚೀಟಿ ತಿರುವಿ ನೋಡಿದ. "ಅಚ್ಚಾದ ಆಧಾರ ಎರಡು ಬೇಕಲ್ವಾ? ಖಾಲಿ ಬಿಟ್ಟಿದೀರಿ."

"ಒಂದಿದೆ. ಡೆತ್ ಸರ್ಟಿಫಿಕೇಟು."

"ಇನ್ನೊಂದು?"

"ನಾನು."

ಅದು ಆಕೆಯ ತಮ್ಮನೆಂದು ಹೊಳೆದು ಗಂಟಲು ದನಿ ತಗ್ಗಿಸಿದ. "ಇರಲಿ ಬಿಡಿ. ನಮ್ಮ ಸಂಪಾದಕರು ಈ ವಯಸ್ಸಲ್ಲಿ ಭೂತಗನ್ನಡಿ ಹಿಡ್ಕೊಂಡು ಹನ್ನೆರಡನೇದರವರೆಗೆ ಬರ್ತಾರಾ?"

ಸಹಿಗೆಂದು ಆಕೆ ಪೆನ್ನು ಎತ್ತಿದಳು. ರೂಢಿಯಂತೆ ಕಣ್ಣು ಮೇಲಿನ ನಮೂದಿಗೆ ಹೋಯಿತು. ಹನ್ನೊಂದನೆಯವರು ಅಂಧ ಮಕ್ಕಳಿಗೆ ಶಾಲೆ ತೆರೆದ ಮೇಷ್ಟರು. ಅವರು ತೀರಿಕೊಂಡ ದಿನ, ಸ್ಥಳಗಳಿದ್ದ ಕೊನೆಯ ಎರಡು ಸಾಲು ಕರಡಿನಲ್ಲಿರಲಿಲ್ಲ. ತಮ್ಮನಿಗೆ ಜಾಗ ಸಾಲದೆ ಜೋಡಿಸುವವನು ಕತ್ತರಿಸಿದ್ದ. ಗಂಟಲು ಚೀಟಿಯಿಂದ ಆ ಸಾಲುಗಳನ್ನು ಓದುವಾಗ ಆಕೆಯ ಬೆರಳು ಆಗಲೇ ಹನ್ನೆರಡಕ್ಕೆ ಓಡಿತ್ತು.

"ಇವರ ಮನೇಲೂ ಈ ಪುಟಕ್ಕೆ ಕಾದಿರೋರು ಇರ್ತಾರೆ," ಎಂದಳು.

"ಮೇಷ್ಟ್ರಿಗೆ ಬೇರೆ ಪುಸ್ತಕ ಸಿಕ್ಕೇ ಸಿಗುತ್ತೆ ಅಕ್ಕಾ. ನಿಮ್ಮ ತಮ್ಮನಿಗೆ ಇದೊಂದೇ."

"ಗೊತ್ತು."

ಸ್ಕೇಲು ಇಟ್ಟು ತಮ್ಮನ ನಾಲ್ಕು ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು. ಮೇಷ್ಟರ ಎರಡು ಸಾಲುಗಳನ್ನು ಅಂಚಿನಲ್ಲಿ ಬರೆದಳು. ಬಳಿಕ, ಹೊಡೆದುಹಾಕಿದ್ದನ್ನು ಒಂದು ಸಲ ಪೂರ್ತಿ ಓದು ಎಂದು ಗಂಟಲನ್ನು ಕೇಳಿಕೊಂಡಳು. ಅವನು ಒಂದು ಅಲ್ಪವಿರಾಮವನ್ನೂ ಬಿಡದೆ, ನಿಧಾನವಾಗಿ ಓದಿದ.

ಅಂದಿನ ಖರ್ಚು: ಬಸ್ಸಿಗೆ ಹದಿನಾರು, ಇಬ್ಬರ ಚಹಾಕ್ಕೆ ಇಪ್ಪತ್ತು, ಪುಟ ಮತ್ತೆ ಜೋಡಿಸಿದ್ದಕ್ಕೆ ನೂರೈವತ್ತು, ಆಕೆಯ ಕೈಯಿಂದ.