ಬಾವುಟದ ಹಿಂದೆ ಬಂದವರು

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಗೆ ಬಾವುಟ ಬರುತ್ತಿರಲಿಲ್ಲ, ಮಕ್ಕಳೇ. ಚಿಕ್ಕಜಾಜೂರಿನ ಹತ್ತಿರದ ನಮ್ಮೂರಲ್ಲಿ ಸ್ವಾತಂತ್ರ್ಯ ದಿನದ ಬೆಳಿಗ್ಗೆ ಶಾಲೆಯ ಮಕ್ಕಳೆಲ್ಲ ಜೈಕಾರ ಹಾಕುತ್ತ ಬೀದಿ ಬೀದಿ ಸುತ್ತುತ್ತಿದ್ದೆವು. ಊರ ಬಾವಿಯ ತನಕ ಬಂದು ಮೆರವಣಿಗೆ ಹಿಂದಕ್ಕೆ ತಿರುಗುತ್ತಿತ್ತು. ಬಾವಿಯ ಆಚೆ ಊರವರು ಮುಟ್ಟದ ಜನರ ಕೇರಿ, ನಮ್ಮದು. ಆ ಬಾವಿಯ ನೀರನ್ನು ನಾವು ಸೇದುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಕೊಡಕ್ಕೆ ಹುಯ್ಯುವವರೆಗೆ ಕಾಯಬೇಕಿತ್ತು.

ಆ ವರ್ಷ ಬಾವುಟ ಹಿಡಿಯಲು ಏಳನೇ ಕ್ಲಾಸಿನ ನಮ್ಮ ಅಕ್ಕನನ್ನು ಆರಿಸಿದರು. ಅವಳಷ್ಟು ಗಟ್ಟಿ ದನಿ ಯಾರಿಗೂ ಇರಲಿಲ್ಲ. ಅವ್ವ ನಸುಕಿಗೇ ಎದ್ದು ಅಂಗಳ ಸಾರಿಸಿದಳು. ಅಪ್ಪ ಹೊಸ ಮಡಕೆಯಲ್ಲಿ ಬೆಲ್ಲದ ಪಾನಕ ಕದಡಿಟ್ಟ. ಏಲಕ್ಕಿಯ ಘಮ ಕೇರಿಗೆಲ್ಲ ಹರಡಿತ್ತು. “ಮಗ್ಳು ಬಾವುಟ ಹಿಡಿದವ್ಳೆ, ಈ ಸಲ ಬಂದೇ ಬರ್ತಾರೆ” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಊರ ಮಕ್ಕಳು ಒಮ್ಮೆಯಾದರೂ ನಮ್ಮ ಮನೆಯದನ್ನು ಕುಡಿಯಬೇಕು ಎಂಬುದು ಅವನ ಆಸೆ.

ಬಾವಿಯ ಹತ್ತಿರ ಮೇಷ್ಟ್ರು ಎಂದಿನಂತೆ ಕೈ ಬೀಸಿ ತಿರುಗಲು ಹೇಳಿದರು. ಅಕ್ಕ ನೇರ ನಡೆದಳು.

“ಏ ಹುಡುಗಿ, ಎತ್ಲಾಗ್ ಹೊಂಟೆ?”

“ಊರೆಲ್ಲ ಸುತ್ತಬೇಕು ಅಂದಿದ್ರಲ್ಲ ಸಾ. ಇದೂ ಊರೇ ಅಲ್ಲೇನ್ರಿ?”

ಬಾವುಟ ಹೋದ ಕಡೆ ಸಾಲು ಹೋಗಬೇಕೆಂದು ನಮಗೆ ಕಲಿಸಿದವರು ಮೇಷ್ಟ್ರೇ. ಮಕ್ಕಳು ಅವರ ಮುಖ ನೋಡಿದರು, ಬಾವುಟ ನೋಡಿದರು, ಅಕ್ಕನ ಹಿಂದೆ ಬಂದರು. ಕೊನೆಗೆ ಮೇಷ್ಟ್ರೂ ಬಂದರು.

ಅಪ್ಪ ತುಂಬಿದ ಲೋಟ ಹಿಡಿದು ಓಡಿದ. “ಕುಡೀರಿ ಸಾ, ಮಕ್ಳಿಗೂ ಐತೆ.”

ಮೇಷ್ಟ್ರು ಕುತ್ತಿಗೆಯ ಬೆವರು ಒರೆಸಿಕೊಂಡರು. “ನಂಗೆ ಬಾಯಾರಿಕೆ ಇಲ್ಲ ಕಣಪ್ಪ.”

ಅವರು ಕುಡಿಯದ್ದನ್ನು ಮಕ್ಕಳು ಹೇಗೆ ಕುಡಿದಾರು? ಒಬ್ಬರೂ ಮುಟ್ಟಲಿಲ್ಲ. ಜೈಕಾರ ಮಾತ್ರ ಜೋರಾಗಿ ಹಾಕಿ ಹೋದರು. ಪಾನಕವನ್ನು ಸಂಜೆತನಕ ಕೇರಿಯ ನಾವೇ ಕುಡಿದೆವು. ಅಪ್ಪ ಒಂದು ಗುಟುಕೂ ಕುಡಿಯಲಿಲ್ಲ.

ಆಮೇಲೆ ನಾನು ಹಟ ಹಿಡಿದು ಓದಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ನೀವೀಗ ಶಾಲೆಯಲ್ಲಿ ಎಲ್ಲರ ಜೊತೆ ಒಂದೇ ನಲ್ಲಿಯ ನೀರು ಕುಡಿಯುತ್ತೀರಿ, ಸಂವಿಧಾನದ ಪೀಠಿಕೆಯನ್ನು ತಡವರಿಸದೆ ಹೇಳುತ್ತೀರಿ. ಕೇಳಿದರೆ ನನಗೆ ಎದೆ ಉಬ್ಬುತ್ತದೆ. ಮೆರವಣಿಗೆ ಈಗ ಮೈಕು ಕಟ್ಟಿಕೊಂಡು ನಮ್ಮ ಬಾಗಿಲಿಗೇ ಬರುತ್ತದೆ, ನಾನೂ ಪಾನಕ ಇಡುತ್ತೇನೆ. ಹೋದ ವರ್ಷ ನಿಮ್ಮ ಗೆಳೆಯರು ಗಟಗಟ ಕುಡಿದರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಮಾತ್ರ ಶುಗರ್ ಐತೆ ಎಂದು ಲೋಟವನ್ನು ಪಕ್ಕಕ್ಕೆ ಸರಿಸಿದರು. ಇದ್ದರೂ ಇರಬಹುದು. ನನಗೆ ಮಾತ್ರ ಅಪ್ಪನ ಕೈಯಲ್ಲಿ ಹಾಗೇ ಉಳಿದ ಲೋಟ ಕಂಡಿತು.